ಸೂಕ್ತ ವ್ಯಾಯಾಮ ಕೇಂದ್ರದ ಆಯ್ಕೆ: ದಕ್ಷಿಣ ಬೆಂಗಳೂರಿನ ನಾಗರಿಕರಿಗೆ ಮಾಹಿತಿ

1. ಪೀಠಿಕೆ

ಜಯನಗರ, ಜೆ.ಪಿ. ನಗರ, ಬನಶಂಕರಿ ಮತ್ತು ಬಿ.ಟಿ.ಎಂ. ಬಡಾವಣೆಗಳಲ್ಲಿ ಜಿಮ್ ಎಂದು ಕರೆಯಲ್ಪಡುವ ಖಾಸಗಿ ವ್ಯಾಯಾಮ ಕೇಂದ್ರಗಳು ಕಾಣಸಿಗದ ಮುಖ್ಯರಸ್ತೆ ಇಂದು ಅಪರೂಪ. ವಾಣಿಜ್ಯ ಕಟ್ಟಡಗಳ ಮೇಲಂತಸ್ತುಗಳಲ್ಲಿಯೂ, ಕೆಲವೆಡೆ ನೆಲಮಾಳಿಗೆಗಳಲ್ಲಿಯೂ ಇವು ಕಾರ್ಯ ನಿರ್ವಹಿಸುತ್ತಿವೆ. ಹೊಸ ವರ್ಷ, ಯುಗಾದಿ, ದಸರಾ ಮುಂತಾದ ಸಂದರ್ಭಗಳಲ್ಲಿ ಶುಲ್ಕ ರಿಯಾಯಿತಿಯ ಫಲಕಗಳನ್ನು ಕಂಡು ಅನೇಕ ನಾಗರಿಕರು ಇಡೀ ವರ್ಷದ ಶುಲ್ಕವನ್ನು ಒಮ್ಮೆಲೇ ಪಾವತಿಸಿ ಸದಸ್ಯರಾಗುತ್ತಾರೆ. ಕೆಲವೇ ವಾರಗಳಲ್ಲಿ ಹೋಗುವುದನ್ನು ನಿಲ್ಲಿಸಿದವರು, ತಮ್ಮ ದೇಹಸ್ಥಿತಿಗೆ ಹೊಂದದ ವ್ಯಾಯಾಮದಿಂದ ನೋವು ಅನುಭವಿಸಿದವರು, ಕೇಂದ್ರವು ಮುಚ್ಚಿಹೋದ ಕಾರಣ ಹಣ ಕಳೆದುಕೊಂಡವರು ಪ್ರತಿ ಬಡಾವಣೆಯಲ್ಲಿಯೂ ಇದ್ದಾರೆ.

ಈ ಮೂರೂ ಬಗೆಯ ನಷ್ಟಗಳಿಗೆ ಬಹುಮಟ್ಟಿಗೆ ಒಂದೇ ಕಾರಣ. ಮೊದಲು ಕೇಂದ್ರವನ್ನು ಆರಿಸಿ, ಅನಂತರ ತಮ್ಮ ಅಗತ್ಯವನ್ನು ಆಲೋಚಿಸುವುದೇ ಆ ಕಾರಣ. ಈ ಕ್ರಮವು ತಿರುವುಮುರುವಾಗಬೇಕು. ಮೊದಲು ಅಗತ್ಯ, ಅನಂತರ ಆರೋಗ್ಯ ತಪಾಸಣೆ, ಆಮೇಲೆ ಕೇಂದ್ರದ ಪರಿಶೀಲನೆ, ಕೊನೆಯಲ್ಲಿ ಹಣ ಪಾವತಿ ಎಂಬುದು ಸರಿಯಾದ ಕ್ರಮವಾಗಿದೆ. ಈ ಲೇಖನದಲ್ಲಿ ಇದೇ ಕ್ರಮದಲ್ಲಿ ಮಾಹಿತಿಯನ್ನು ನೀಡಲಾಗಿದೆ.

2. ಬೆಂಗಳೂರಿನಲ್ಲಿ ವ್ಯಾಯಾಮ ಪರಂಪರೆ

ಬೆಂಗಳೂರಿಗೆ ವ್ಯಾಯಾಮ ಶಾಲೆ ಹೊಸದಲ್ಲ. ಹಳೆಯ ಪೇಟೆ ಪ್ರದೇಶದ ಗರಡಿಮನೆಗಳಲ್ಲಿ ಕೆಮ್ಮಣ್ಣಿನ ಅಖಾಡ, ಆಂಜನೇಯನ ಪಟ, ಗದೆ ಮತ್ತು ದಂಡ-ಬಸ್ಕಿಗಳೊಡನೆ ತಲೆಮಾರುಗಳ ಕಾಲ ಸಾಮು ನಡೆದು ಬಂದಿತು. ಗರಡಿಗೆ ಹೊಸದಾಗಿ ಬಂದ ಹುಡುಗನ ಶಕ್ತಿಯನ್ನು ಕಂಡು, ಎಷ್ಟು ದಂಡ, ಎಷ್ಟು ಬಸ್ಕಿ ಎಂಬುದನ್ನು ಉಸ್ತಾದರೇ ನಿರ್ಧರಿಸುವುದು ಅಲ್ಲಿನ ರೂಢಿ.

20ನೆಯ ಶತಮಾನದ ಪೂರ್ವಾರ್ಧದಲ್ಲಿ ಕೆ.ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಸಿಯಂ ಅನ್ನು ನಡೆಸಿದರು. ಕನ್ನಡ ಓದುಗರಿಗೆ 'ಶಾಂತಲಾ' ಮತ್ತು 'ರೂಪದರ್ಶಿ' ಕಾದಂಬರಿಗಳ ಕರ್ತೃವಾಗಿ ಪರಿಚಿತರಾದ ಇವರು, ಭಾರ ಎತ್ತುವ ಪಾಶ್ಚಾತ್ಯ ಪದ್ಧತಿ ಮತ್ತು ಸೂರ್ಯನಮಸ್ಕಾರ ಎರಡನ್ನೂ ಬೋಧಿಸಿದರು. ದೂರದ ಊರುಗಳವರಿಗೆ ಅಂಚೆಯ ಮೂಲಕವೂ ಅಂಗಸಾಧನೆಯ ಪಾಠಗಳನ್ನು ಕಳುಹಿಸುತ್ತಿದ್ದರು.

ಗರಡಿಯಾಗಲಿ, ಅಯ್ಯರ್ ಅವರ ವ್ಯಾಯಾಮ ಶಾಲೆಯಾಗಲಿ, ಗುರುವಿನ ಹೆಸರಿನಿಂದ ನಡೆಯುತ್ತಿದ್ದವು. ಇಂದಿನ ಕೇಂದ್ರಗಳಲ್ಲಿ ಯಂತ್ರಗಳು ಹೆಚ್ಚಿವೆ, ಸೌಲಭ್ಯಗಳು ಹೆಚ್ಚಿವೆ. ಆದರೆ ವ್ಯಕ್ತಿಯನ್ನು ನೋಡಿ ವ್ಯಾಯಾಮವನ್ನು ನಿಗದಿಪಡಿಸುವ ಗುರುವು ಎಲ್ಲೆಡೆ ದೊರೆಯುವುದಿಲ್ಲ. ಆದುದರಿಂದ ಆ ಹೊಣೆಯ ಒಂದು ಭಾಗವನ್ನು ಸೇರುವವರೇ ಹೊರಬೇಕಾಗುತ್ತದೆ.

3. ಮೊದಲ ಹೆಜ್ಜೆ: ಅಗತ್ಯವನ್ನು ಬರೆದುಕೊಳ್ಳುವುದು

ಯಾವುದೇ ಕೇಂದ್ರಕ್ಕೆ ಭೇಟಿ ನೀಡುವ ಮೊದಲು ಒಂದು ಹಾಳೆಯಲ್ಲಿ ಮೂರು ಅಂಶಗಳನ್ನು ಬರೆದುಕೊಳ್ಳುವುದು ಉಪಯುಕ್ತ.

(ಅ) ವ್ಯಾಯಾಮದ ಉದ್ದೇಶವೇನು?
(ಆ) ವಾರದಲ್ಲಿ ಎಷ್ಟು ದಿನ, ಯಾವ ವೇಳೆಯಲ್ಲಿ ಹೋಗಲು ನಿಜವಾಗಿಯೂ ಸಾಧ್ಯ?
(ಇ) ದೇಹದಲ್ಲಿ ಈಗಾಗಲೇ ಇರುವ ತೊಂದರೆಗಳು ಯಾವುವು?

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ಅಥವಾ 75ರಿಂದ 150 ನಿಮಿಷಗಳ ತೀವ್ರ ಪ್ರಮಾಣದ ದೈಹಿಕ ಚಟುವಟಿಕೆ ನಡೆಸಬೇಕು, ಅದರೊಂದಿಗೆ ವಾರದಲ್ಲಿ ಕನಿಷ್ಠ 2 ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮಾಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಶಿಫಾರಸು. 65 ವರ್ಷ ಮೀರಿದವರು ಬೀಳದಂತೆ ಸಮತೋಲನ ಕಾಯ್ದುಕೊಳ್ಳುವ ವ್ಯಾಯಾಮಗಳನ್ನು ವಾರದಲ್ಲಿ 3 ದಿನ ಸೇರಿಸಿಕೊಳ್ಳಬೇಕೆಂದೂ ಅದು ತಿಳಿಸುತ್ತದೆ. ಚುರುಕು ನಡಿಗೆಯು ಮಧ್ಯಮ ಪ್ರಮಾಣದ ಚಟುವಟಿಕೆಯಾಗಿದೆ. ಅಂದರೆ ಶಿಫಾರಸಿನ ಮೊದಲ ಭಾಗವನ್ನು ಪೂರೈಸಲು ಹಣ ತೆತ್ತು ಟ್ರೆಡ್‌ಮಿಲ್ ಬಳಸಲೇಬೇಕೆಂದಿಲ್ಲ. ಲಾಲ್‌ಬಾಗ್, ಜಯನಗರದ ಮಾಧವನ್ ಉದ್ಯಾನ, ಜೆ.ಪಿ. ನಗರದ ಮಿನಿ ಫಾರೆಸ್ಟ್, ಪುಟ್ಟೇನಹಳ್ಳಿ ಕೆರೆಯ ದಂಡೆ ಇವೆಲ್ಲವೂ ನಡಿಗೆಗೆ ಒದಗುವ ಸ್ಥಳಗಳು. ನಗರದ ಅನೇಕ ಉದ್ಯಾನಗಳಲ್ಲಿ ತೆರೆದ ವ್ಯಾಯಾಮ ಸಲಕರಣೆಗಳನ್ನೂ ಅಳವಡಿಸಲಾಗಿದೆ. ಜಿಮ್‌ನ ನಿಜವಾದ ಪ್ರಯೋಜನವಿರುವುದು ಶಿಫಾರಸಿನ ಎರಡನೆಯ ಭಾಗದಲ್ಲಿ, ಎಂದರೆ ಭಾರವನ್ನು ಕ್ರಮವಾಗಿ ಹೆಚ್ಚಿಸುತ್ತಾ ಸ್ನಾಯುಗಳನ್ನು ಬಲಪಡಿಸುವುದರಲ್ಲಿ.

ಅಗತ್ಯಗಳು ಹೇಗೆ ಭಿನ್ನವಾಗಿರುತ್ತವೆ ಎಂಬುದನ್ನು ಮೂರು ಉದಾಹರಣೆಗಳಿಂದ ತಿಳಿಯಬಹುದು.

ಒಂದನೆಯದು: ಜಯನಗರದಲ್ಲಿ ವಾಸಿಸುವ 63 ವರ್ಷದ ನಿವೃತ್ತ ನೌಕರರು. ರಕ್ತದೊತ್ತಡಕ್ಕೆ ಮಾತ್ರೆ ಸೇವಿಸುತ್ತಿದ್ದಾರೆ, ಮೆಟ್ಟಿಲು ಇಳಿಯುವಾಗ ಮಂಡಿ ನೋವು. ಇವರಿಗೆ ಬೇಕಾದುದು ಹಗಲಿನ ಬಿಡುವಿನ ವೇಳೆಯಲ್ಲಿ ತೆರೆದಿರುವ, ಲಿಫ್ಟ್ ಅಥವಾ ನೆಲಮಹಡಿಯ ಪ್ರವೇಶವುಳ್ಳ, 1-2 ಕಿಲೋಗ್ರಾಂ ತೂಕದಿಂದ ಆರಂಭವಾಗುವ ಡಂಬೆಲ್‌ಗಳು ಮತ್ತು ತಾಳ್ಮೆಯುಳ್ಳ ತರಬೇತುದಾರರಿರುವ ಕೇಂದ್ರ. ಜೋರಾದ ಸಂಗೀತ, ಸಾಮೂಹಿಕ ಜಿಗಿತದ ತರಗತಿಗಳು ಇವರಿಗೆ ಉಪಯೋಗವಿಲ್ಲ.

ಎರಡನೆಯದು: ಬಿ.ಟಿ.ಎಂ. ಬಡಾವಣೆಯ ಪೇಯಿಂಗ್ ಗೆಸ್ಟ್ ವಸತಿಯಲ್ಲಿರುವ 26 ವರ್ಷದ ಸಾಫ್ಟ್‌ವೇರ್ ಉದ್ಯೋಗಿ. ದಿನದ ಬಹುಭಾಗ ಕುಳಿತೇ ಕೆಲಸ, ಊಟ ವಸತಿಗೃಹದ್ದು, ಎಂದು ಬೇರೆ ಊರಿಗೆ ಅಥವಾ ಬೇರೆ ಕಂಪನಿಗೆ ಹೋಗಬೇಕಾಗುವುದೋ ತಿಳಿಯದು. ಇವರಿಗೆ ರಾತ್ರಿ ತಡವಾಗಿಯೂ ತೆರೆದಿರುವ, ಬಾರ್‌ಬೆಲ್ ಮತ್ತು ಸ್ಕ್ವಾಟ್ ರ‍್ಯಾಕ್ ಇರುವ, ತಿಂಗಳ ಲೆಕ್ಕದಲ್ಲಿ ಶುಲ್ಕ ಸ್ವೀಕರಿಸುವ ಕೇಂದ್ರ ಸೂಕ್ತ. ವಾರ್ಷಿಕ ಸದಸ್ಯತ್ವವು ಇಂತಹವರಿಗೆ ಸಾಮಾನ್ಯವಾಗಿ ನಷ್ಟವನ್ನೇ ತರುತ್ತದೆ.

ಮೂರನೆಯದು: ಬನಶಂಕರಿ 2ನೇ ಹಂತದ 41 ವರ್ಷದ ಗೃಹಿಣಿ. ಮಕ್ಕಳು ಶಾಲೆಗೆ ಹೋದ ನಂತರದ ಒಂದೂವರೆ ಗಂಟೆ ಮಾತ್ರ ಬಿಡುವು. ತೂಕ ಇಳಿಸುವುದು ಮತ್ತು ಸಕ್ಕರೆ ಕಾಯಿಲೆ ಬಾರದಂತೆ ನೋಡಿಕೊಳ್ಳುವುದು ಉದ್ದೇಶ. ಇವರು ಮನೆಗೆ ಸಮೀಪದ, ಬೆಳಿಗ್ಗೆ 10ರಿಂದ 12ರ ನಡುವೆಯೂ ತರಬೇತುದಾರರಿರುವ, ಮಹಿಳೆಯರಿಗೆ ಪ್ರತ್ಯೇಕ ಉಡುಪು ಬದಲಿಸುವ ಕೊಠಡಿಯಿರುವ ಕೇಂದ್ರವನ್ನು ನೋಡಬೇಕು. ಅನೇಕ ಕೇಂದ್ರಗಳಲ್ಲಿ ತರಬೇತುದಾರರು ಬೆಳಗಿನ ಮತ್ತು ಸಂಜೆಯ ದಟ್ಟಣೆಯ ವೇಳೆಯಲ್ಲಿ ಮಾತ್ರ ಲಭ್ಯವಿರುವುದರಿಂದ ಈ ಅಂಶವನ್ನು ಮುಂಚಿತವಾಗಿ ಕೇಳಿ ತಿಳಿಯಬೇಕು.

ಈ ಮೂವರಿಗೂ ಒಂದೇ ಕೇಂದ್ರ ಸರಿಹೊಂದುವುದಿಲ್ಲ. 'ಯಾವ ಜಿಮ್ ಒಳ್ಳೆಯದು' ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲದಿರುವುದು ಈ ಕಾರಣದಿಂದಲೇ.

4. ಎರಡನೆಯ ಹೆಜ್ಜೆ: ಆರೋಗ್ಯ ತಪಾಸಣೆ

ಜನಪ್ರಿಯ ಚಲನಚಿತ್ರ ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ತಮ್ಮ 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ನಿಧನರಾದರು. ನಿತ್ಯ ವ್ಯಾಯಾಮಕ್ಕೆ ಹೆಸರಾಗಿದ್ದ ಅವರ ಅಗಲಿಕೆಯಿಂದ ನಾಡಿನಾದ್ಯಂತ ದುಃಖದೊಂದಿಗೆ ಆತಂಕವೂ ಹರಡಿತು. ಜಯನಗರ 9ನೇ ಬ್ಲಾಕ್‌ನಲ್ಲಿರುವ ಶ್ರೀ ಜಯದೇವ ಹೃದ್ರೋಗ ವಿಜ್ಞಾನಗಳ ಸಂಸ್ಥೆಗೆ ತಪಾಸಣೆಗಾಗಿ ಬಂದವರ ಸಂಖ್ಯೆ ಆ ದಿನಗಳಲ್ಲಿ ಏಕಾಏಕಿ ಹೆಚ್ಚಿತು. ಕೆಲವರು ಜಿಮ್‌ಗೆ ಹೋಗುವುದನ್ನೇ ಬಿಟ್ಟರು.

ಈ ಎರಡು ಪ್ರತಿಕ್ರಿಯೆಗಳಲ್ಲಿ ಮೊದಲನೆಯದು ಸರಿ, ಎರಡನೆಯದು ಸರಿಯಲ್ಲ. ಕ್ರಮಬದ್ಧ ವ್ಯಾಯಾಮವು ದೀರ್ಘಾವಧಿಯಲ್ಲಿ ಹೃದ್ರೋಗದ ಸಂಭವವನ್ನು ಕಡಿಮೆ ಮಾಡುತ್ತದೆ. ಆದರೆ ದೇಹದಲ್ಲಿ ಅಡಗಿರುವ ತೊಂದರೆಯನ್ನು ತಿಳಿಯದೆ, ಅಭ್ಯಾಸವಿಲ್ಲದೆ, ಏಕಾಏಕಿ ತೀವ್ರ ವ್ಯಾಯಾಮಕ್ಕೆ ಇಳಿಯುವುದು ಅಪಾಯಕಾರಿ.

ಈ ಕೆಳಕಂಡವರು ಸೇರುವ ಮೊದಲು ವೈದ್ಯರ ಸಲಹೆ ಪಡೆಯುವುದು ಅತ್ಯಗತ್ಯ.

1) ಎದೆನೋವು, ನಡೆಯುವಾಗ ಅಸಹಜ ಏದುಸಿರು, ತಲೆಸುತ್ತು ಅಥವಾ ಪ್ರಜ್ಞೆ ತಪ್ಪಿದ ಅನುಭವ ಉಳ್ಳವರು.
2) ಹೃದ್ರೋಗ, ಅಧಿಕ ರಕ್ತದೊತ್ತಡ, ಮಧುಮೇಹ ಅಥವಾ ಮೂತ್ರಪಿಂಡದ ಕಾಯಿಲೆ ಉಳ್ಳವರು.
3) ತಂದೆ, ತಾಯಿ, ಒಡಹುಟ್ಟಿದವರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ಹೃದಯಾಘಾತ ಅಥವಾ ಹಠಾತ್ ಮರಣ ಸಂಭವಿಸಿದ್ದವರು.
4) ಧೂಮಪಾನಿಗಳು ಹಾಗೂ ಬಹುಕಾಲ ವ್ಯಾಯಾಮವಿಲ್ಲದೆ ಇದ್ದ ಮಧ್ಯವಯಸ್ಕರು.
5) ಗರ್ಭಿಣಿಯರು, ಬಾಣಂತಿಯರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಗೆ ಒಳಗಾದವರು.
6) ಬೆನ್ನು, ಮಂಡಿ, ಭುಜದ ನೋವಿಗೆ ಚಿಕಿತ್ಸೆ ಪಡೆಯುತ್ತಿರುವವರು.

ಭಾರತೀಯರಲ್ಲಿ ಕಡಿಮೆ ತೂಕದಲ್ಲಿಯೇ ಮಧುಮೇಹ ಮತ್ತು ಹೃದ್ರೋಗಗಳು ಕಾಣಿಸಿಕೊಳ್ಳುವುದರಿಂದ, ದೇಹತೂಕ ಸೂಚ್ಯಂಕವು 23 ಮುಟ್ಟಿದರೆ ಅಧಿಕ ತೂಕವೆಂದೂ, 25 ಮುಟ್ಟಿದರೆ ಬೊಜ್ಜು ಎಂದೂ ನಮ್ಮ ದೇಶದ ವೈದ್ಯರು ಪರಿಗಣಿಸುತ್ತಾರೆ. ಸೊಂಟದ ಸುತ್ತಳತೆಯು ಪುರುಷರಲ್ಲಿ 90 ಸೆಂಟಿಮೀಟರ್, ಮಹಿಳೆಯರಲ್ಲಿ 80 ಸೆಂಟಿಮೀಟರ್ ಮೀರದಿರುವುದು ಒಳ್ಳೆಯದು. ಸೇರುವ ದಿನದ ತೂಕ, ಸೊಂಟದ ಅಳತೆ ಮತ್ತು ರಕ್ತದೊತ್ತಡವನ್ನು ಬರೆದಿಟ್ಟುಕೊಂಡಲ್ಲಿ, ಮೂರು ತಿಂಗಳ ನಂತರ ಪ್ರಗತಿಯನ್ನು ಅಳೆಯಬಹುದು.

ಇನ್ಸುಲಿನ್ ಪಡೆಯುವವರಲ್ಲಿ ವ್ಯಾಯಾಮದಿಂದ ರಕ್ತದ ಸಕ್ಕರೆ ಪ್ರಮಾಣ ಕುಸಿಯುವ ಸಂಭವವಿರುವುದರಿಂದ ಸಕ್ಕರೆ ಅಥವಾ ಸಿಹಿ ಪದಾರ್ಥವನ್ನು ಜೊತೆಯಲ್ಲಿರಿಸಿಕೊಳ್ಳಬೇಕು. ಉಸಿರು ಕಟ್ಟಿ ಭಾರ ಎತ್ತಿದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಆದುದರಿಂದ ರಕ್ತದೊತ್ತಡವುಳ್ಳವರು ಭಾರವನ್ನು ಎತ್ತುವಾಗ ಉಸಿರು ಬಿಡುವ ಕ್ರಮವನ್ನು ಮೊದಲು ಕಲಿಯಬೇಕು.

5. ಮೂರನೆಯ ಹೆಜ್ಜೆ: ಕೇಂದ್ರದ ಪರಿಶೀಲನೆ

5.1 ದೂರ ಮತ್ತು ವೇಳೆ

ದೂರದ ಉತ್ತಮ ಕೇಂದ್ರಕ್ಕಿಂತ ಹತ್ತಿರದ ಸಾಧಾರಣ ಕೇಂದ್ರವು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸಂಜೆಯ ವೇಳೆ ಸಿಲ್ಕ್ ಬೋರ್ಡ್ ಅಥವಾ ಬನ್ನೇರುಘಟ್ಟ ರಸ್ತೆಯ ವಾಹನ ದಟ್ಟಣೆಯನ್ನು ದಾಟಿ ವಾರಕ್ಕೆ ಮೂರು ದಿನ ಹೋಗುವ ಸಂಕಲ್ಪವು ಹೆಚ್ಚು ಕಾಲ ಉಳಿಯುವುದಿಲ್ಲ. ಮನೆಯಿಂದ 10-15 ನಿಮಿಷಗಳ ನಡಿಗೆಯ ಅಂತರದಲ್ಲಿ ಅಥವಾ ಮನೆ ಮತ್ತು ಕಚೇರಿಯ ನಡುವಿನ ದಾರಿಯಲ್ಲಿಯೇ ಇರುವ ಕೇಂದ್ರವನ್ನು ಆರಿಸುವುದು ಸೂಕ್ತ. ನಮ್ಮ ಮೆಟ್ರೋದ ಹಸಿರು ಮಾರ್ಗವು 2017ರಲ್ಲಿ ಯಲಚೇನಹಳ್ಳಿಯವರೆಗೆ ಆರಂಭವಾದಂದಿನಿಂದ ಸೌತ್ ಎಂಡ್ ವೃತ್ತ, ಜಯನಗರ, ಬನಶಂಕರಿ, ಜೆ.ಪಿ. ನಗರ ನಿಲ್ದಾಣಗಳೂ, ಹಳದಿ ಮಾರ್ಗವು 2025ರ ಆಗಸ್ಟ್‌ನಲ್ಲಿ ಆರಂಭವಾದಂದಿನಿಂದ ರಾಗಿಗುಡ್ಡ, ಜಯದೇವ ಆಸ್ಪತ್ರೆ, ಬಿ.ಟಿ.ಎಂ. ಬಡಾವಣೆ ನಿಲ್ದಾಣಗಳೂ ಬಳಕೆಯಲ್ಲಿವೆ. ಮೆಟ್ರೋದಲ್ಲಿ ಕೆಲಸಕ್ಕೆ ಹೋಗುವವರು, ಇಳಿಯುವ ನಿಲ್ದಾಣ ಮತ್ತು ಮನೆಯ ನಡುವೆ ಇರುವ ಕೇಂದ್ರಗಳನ್ನು ಮೊದಲು ನೋಡಬಹುದು.

ಭೇಟಿಯನ್ನು ತಾವು ನಿತ್ಯ ಬರಲಿರುವ ವೇಳೆಯಲ್ಲಿಯೇ ನೀಡಬೇಕು. ಮಧ್ಯಾಹ್ನ 3 ಗಂಟೆಗೆ ಖಾಲಿಯಾಗಿ ವಿಶಾಲವಾಗಿ ಕಾಣುವ ಸಭಾಂಗಣವು ಸಂಜೆ 7 ಗಂಟೆಗೆ ಒಂದೊಂದು ಯಂತ್ರಕ್ಕೂ ಸಾಲು ನಿಲ್ಲುವ ಸ್ಥಳವಾಗಿರಬಹುದು.

5.2 ತರಬೇತುದಾರರು

ತರಬೇತುದಾರರ ಮೈಕಟ್ಟು ಅವರ ವಿದ್ಯಾರ್ಹತೆಗೆ ಸಾಕ್ಷಿಯಲ್ಲ. ದೈಹಿಕ ಶಿಕ್ಷಣದಲ್ಲಿ ಪದವಿ, ಪಟಿಯಾಲದ ನೇತಾಜಿ ಸುಭಾಸ್ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ತರಬೇತಿ, ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನಡಿಯ ಫಿಟ್‌ನೆಸ್ ತರಬೇತುದಾರರ ಪ್ರಮಾಣಪತ್ರ ಅಥವಾ ಮಾನ್ಯತೆಯುಳ್ಳ ಅಂತಾರಾಷ್ಟ್ರೀಯ ಸಂಸ್ಥೆಗಳ ಪ್ರಮಾಣಪತ್ರ ಇವೆಯೇ ಎಂದು ಕೇಳುವುದು ಸದಸ್ಯರಾಗುವವರ ಹಕ್ಕು. ಕೆಲವು ಪ್ರಮಾಣಪತ್ರಗಳಿಗೆ ಕಾಲಮಿತಿ ಇರುವುದರಿಂದ ದಿನಾಂಕವನ್ನೂ ಗಮನಿಸಬೇಕು.

ಒಳ್ಳೆಯ ತರಬೇತುದಾರರನ್ನು ಗುರುತಿಸಲು ಸರಳ ವಿಧಾನವೊಂದಿದೆ. ಮೊದಲ ದಿನ ಅವರು ಪ್ರಶ್ನೆಗಳನ್ನು ಕೇಳುತ್ತಾರೆಯೇ ಎಂಬುದನ್ನು ನೋಡಬೇಕು. ಕಾಯಿಲೆ, ಔಷಧಿ, ಹಳೆಯ ಗಾಯ, ನಿದ್ರೆ, ಊಟ ಇವುಗಳ ಬಗ್ಗೆ ಏನನ್ನೂ ಕೇಳದೆ ನೇರವಾಗಿ ಭಾರ ಎತ್ತಿಸುವವರು, ಅಥವಾ ಒಂದು ತಿಂಗಳಲ್ಲಿ 10 ಕಿಲೋಗ್ರಾಂ ಇಳಿಸಿಕೊಡುವುದಾಗಿ ಭರವಸೆ ನೀಡುವವರು ನಂಬಿಕೆಗೆ ಅರ್ಹರಲ್ಲ. ಹೊಸಬರನ್ನು ಮೊದಲ ದಿನವೇ ವಿಪರೀತ ದಣಿಸುವುದು ಸಾಮರ್ಥ್ಯದ ಲಕ್ಷಣವಲ್ಲ. ಅತಿಯಾದ ವ್ಯಾಯಾಮದಿಂದ ಸ್ನಾಯುತಂತುಗಳು ಒಡೆದು, ಮೂತ್ರವು ಕಡುಕಂದು ಬಣ್ಣಕ್ಕೆ ತಿರುಗಿ, ಮೂತ್ರಪಿಂಡಗಳಿಗೆ ಹಾನಿಯಾಗುವ ಸ್ಥಿತಿಯೂ ಉಂಟು. ಇಂತಹ ಲಕ್ಷಣ ಕಂಡಲ್ಲಿ ತಡಮಾಡದೆ ಆಸ್ಪತ್ರೆಗೆ ತೆರಳಬೇಕು.

5.3 ಸಲಕರಣೆಗಳು

ಯಂತ್ರಗಳ ಸಂಖ್ಯೆಗಿಂತ ಅವುಗಳ ಸ್ಥಿತಿ ಮುಖ್ಯ. ಈ ಕೆಳಕಂಡ ಅಂಶಗಳನ್ನು ಕಣ್ಣಾರೆ ನೋಡಬೇಕು.

1) ಕೇಬಲ್‌ಗಳು ಎಳೆ ಬಿಟ್ಟಿಲ್ಲವೇ? ಬೆಂಚುಗಳು ಅಲುಗಾಡುತ್ತವೆಯೇ?
2) ಟ್ರೆಡ್‌ಮಿಲ್‌ನ ತುರ್ತು ನಿಲುಗಡೆ ಕೀಲಿ ಕೆಲಸ ಮಾಡುತ್ತದೆಯೇ?
3) ಬಾರ್‌ಬೆಲ್ ಕೈಜಾರಿದರೆ ತಡೆಯುವ ಅಡ್ಡ ಸರಳುಗಳು ರ‍್ಯಾಕ್‌ನಲ್ಲಿವೆಯೇ?
4) 1.25 ಮತ್ತು 2.5 ಕಿಲೋಗ್ರಾಂನ ಚಿಕ್ಕ ಬಿಲ್ಲೆಗಳಿವೆಯೇ? ಇವಿಲ್ಲದಿದ್ದಲ್ಲಿ ಹೊಸಬರು ಭಾರವನ್ನು ಕ್ರಮವಾಗಿ ಹೆಚ್ಚಿಸಲಾರರು.
5) ನೆಲಕ್ಕೆ ರಬ್ಬರ್ ಹಾಸು ಇದೆಯೇ? ಯಂತ್ರಗಳ ನಡುವೆ ಓಡಾಡಲು ಸ್ಥಳವಿದೆಯೇ?
6) ಕೆಟ್ಟ ಯಂತ್ರಕ್ಕೆ ಫಲಕ ತೂಗುಹಾಕಿ ಎಷ್ಟು ದಿನಗಳಾಗಿವೆ ಎಂದು ಹಳೆಯ ಸದಸ್ಯರನ್ನು ವಿಚಾರಿಸಬೇಕು.

5.4 ಕಟ್ಟಡ, ಸುರಕ್ಷತೆ ಮತ್ತು ಪರವಾನಗಿ

ಕೇಂದ್ರವು ನಗರ ಪಾಲಿಕೆಯ ಉದ್ದಿಮೆ ಪರವಾನಗಿಯನ್ನು ಹೊಂದಿದೆಯೇ ಎಂದು ನೋಡಬೇಕು. 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ 5 ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿರುವುದರಿಂದ, ಹಳೆಯ ಪರವಾನಗಿಯ ಅವಧಿ ಮತ್ತು ನವೀಕರಣವನ್ನು ವಿಶೇಷವಾಗಿ ಗಮನಿಸುವುದು ಒಳಿತು. ವಾಹನ ನಿಲುಗಡೆಗೆಂದು ಮಂಜೂರಾದ ನೆಲಮಾಳಿಗೆಯಲ್ಲಿ ನಡೆಯುವ ಕೇಂದ್ರವು ಯಾವ ದಿನವಾದರೂ ಮುಚ್ಚಬೇಕಾಗಿ ಬರಬಹುದು.

ಬೆಂಕಿ ಅವಘಡ ಸಂಭವಿಸಿದಲ್ಲಿ ಹೊರಬರಲು ಎರಡನೆಯ ದಾರಿ ಇದೆಯೇ, ಅದು ಪೆಟ್ಟಿಗೆಗಳಿಂದ ತುಂಬಿಹೋಗಿಲ್ಲವೇ, ಅಗ್ನಿಶಾಮಕ ಸಾಧನಗಳ ಅವಧಿ ಮುಗಿದಿಲ್ಲವೇ, ಗಾಳಿಯ ಸಂಚಾರ ಸಾಕಷ್ಟಿದೆಯೇ, ಕುಡಿಯುವ ನೀರು ಮತ್ತು ಶೌಚಾಲಯ ಸ್ವಚ್ಛವಾಗಿವೆಯೇ, ಪ್ರಥಮ ಚಿಕಿತ್ಸಾ ಪೆಟ್ಟಿಗೆ ಇದೆಯೇ ಎಂಬುದನ್ನು ಪರಿಶೀಲಿಸಬೇಕು. ಯಾರಾದರೂ ಕುಸಿದು ಬಿದ್ದಲ್ಲಿ ಎದೆಯೊತ್ತುವಿಕೆ ಮಾಡಲು ತಿಳಿದ ಸಿಬ್ಬಂದಿ ಇದ್ದಾರೆಯೇ ಎಂಬ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಬೇಕು. ಎದೆಯೊತ್ತುವಿಕೆಯನ್ನು ನಿಮಿಷಕ್ಕೆ 100ರಿಂದ 120ರ ಗತಿಯಲ್ಲಿ ನಡೆಸಬೇಕು. ಆಂಬುಲೆನ್ಸ್‌ಗಾಗಿ 108, ಇತರ ತುರ್ತು ಸೇವೆಗಳಿಗಾಗಿ 112 ಸಂಖ್ಯೆಗೆ ಕರೆ ಮಾಡಬಹುದು.

ಉಡುಪು ಬದಲಿಸುವ ಕೊಠಡಿಯ ಬಾಗಿಲು ಭದ್ರವಾಗಿರಬೇಕು, ಅಲ್ಲಿ ಕ್ಯಾಮೆರಾ ಇರಕೂಡದು. ತರಬೇತಿಯ ನೆಪದಲ್ಲಿ ಅನುಚಿತವಾಗಿ ಮುಟ್ಟುವುದನ್ನು ಯಾವ ಮಹಿಳೆಯೂ ಸಹಿಸಬೇಕಾಗಿಲ್ಲ. ಅಂತಹ ಸಂದರ್ಭದಲ್ಲಿ 112ಕ್ಕೆ ಕರೆ ಮಾಡಬಹುದು ಅಥವಾ ಹತ್ತಿರದ ಪೊಲೀಸ್ ಠಾಣೆಯಲ್ಲಿ ದೂರು ನೀಡಬಹುದು.

6. ಪೌಷ್ಟಿಕ ಪುಡಿಗಳು ಮತ್ತು ಔಷಧಗಳು

ಕೆಲವು ಕೇಂದ್ರಗಳಲ್ಲಿ ವ್ಯಾಯಾಮದೊಂದಿಗೆ ಪ್ರೋಟೀನ್ ಪುಡಿಗಳ ಮಾರಾಟವೂ ನಡೆಯುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯು, ಮೈಕಟ್ಟು ಬೆಳೆಸುವ ಸಲುವಾಗಿ ಪ್ರೋಟೀನ್ ಪುಡಿಗಳನ್ನು ಸೇವಿಸದಿರುವಂತೆ ತಿಳಿಸಿದೆ. ಸಾಮಾನ್ಯ ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋಗ್ರಾಂ ದೇಹತೂಕಕ್ಕೆ 0.83 ಗ್ರಾಂ ಪ್ರೋಟೀನ್ ಶಿಫಾರಸು ಮಾಡಲಾಗಿದೆ. ಅಂದರೆ 60 ಕಿಲೋಗ್ರಾಂ ತೂಕದವರಿಗೆ ಸುಮಾರು 50 ಗ್ರಾಂ. ತೊಗರಿಬೇಳೆ, ಹೆಸರುಕಾಳು, ಹುರುಳಿ, ಕಡಲೆಕಾಯಿ, ಹಾಲು, ಮೊಸರು, ಮೊಟ್ಟೆ, ಮೀನು ಮುಂತಾದವುಗಳಿಂದ ಇದನ್ನು ಪಡೆಯಬಹುದು. ವೈದ್ಯರ ಅಥವಾ ಆಹಾರ ತಜ್ಞರ ಸಲಹೆಯ ಮೇರೆಗೆ ಪುಡಿಯನ್ನು ಕೊಳ್ಳುವವರು ಪೊಟ್ಟಣದ ಮೇಲೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ ಇರುವುದನ್ನು ನೋಡಿ, ರಸೀದಿ ಪಡೆಯಬೇಕು.

ಸ್ಟೀರಾಯ್ಡ್ ಮಾತ್ರೆ ಅಥವಾ ಚುಚ್ಚುಮದ್ದುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವುದು ಕಾನೂನುಬಾಹಿರ. ಇವುಗಳ ದುರುಪಯೋಗದಿಂದ ಹೃದಯ, ಯಕೃತ್ತು ಮತ್ತು ಸಂತಾನ ಶಕ್ತಿಗೆ ಹಾನಿಯಾಗುತ್ತದೆ. ಇಂತಹ ಪದಾರ್ಥಗಳನ್ನು ನೀಡಲು ಮುಂದಾಗುವ ಕೇಂದ್ರವನ್ನು ಕೂಡಲೇ ತೊರೆಯುವುದು ಕ್ಷೇಮ.

7. ನಾಲ್ಕನೆಯ ಹೆಜ್ಜೆ: ಶುಲ್ಕದ ಲೆಕ್ಕಾಚಾರ

ವಾರ್ಷಿಕ ಶುಲ್ಕವು ತಿಂಗಳ ಶುಲ್ಕಕ್ಕಿಂತ ಅಗ್ಗವೆಂದು ತೋರುವುದು ಸಹಜ. ಆದರೆ ಅಗ್ಗವಾಗುವುದು ವರ್ಷವಿಡೀ ಹೋಗುವವರಿಗೆ ಮಾತ್ರ. ಉದಾಹರಣೆಗೆ, ಒಂದು ಕೇಂದ್ರದ ವಾರ್ಷಿಕ ಶುಲ್ಕ ರೂ. 18,000 ಮತ್ತು ತಿಂಗಳ ಶುಲ್ಕ ರೂ. 2,500 ಎಂದು ಇಟ್ಟುಕೊಳ್ಳೋಣ.

ತಿಂಗಳಿಗೆ 12 ದಿನದಂತೆ ವರ್ಷವಿಡೀ ಹೋದಲ್ಲಿ ಒಟ್ಟು 144 ದಿನಗಳಾಗುತ್ತವೆ, ದಿನವೊಂದಕ್ಕೆ ತಗಲುವ ವೆಚ್ಚ ರೂ. 125. ಮೂರು ತಿಂಗಳ ನಂತರ ನಿಲ್ಲಿಸಿದಲ್ಲಿ ಹೋದದ್ದು 36 ದಿನ ಮಾತ್ರ, ಆಗ ದಿನದ ವೆಚ್ಚ ರೂ. 500 ಆಗುತ್ತದೆ. ಅದೇ ಮೂರು ತಿಂಗಳಿಗೆ ತಿಂಗಳ ಲೆಕ್ಕದಲ್ಲಿ ಪಾವತಿಸಿದ್ದರೆ ಒಟ್ಟು ರೂ. 7,500, ಅಂದರೆ ದಿನಕ್ಕೆ ಸುಮಾರು ರೂ. 208. ವಾರ್ಷಿಕ ಶುಲ್ಕವನ್ನು ತಿಂಗಳ ಶುಲ್ಕದಿಂದ ಭಾಗಿಸಿದಾಗ 7.2 ಬರುತ್ತದೆ. ಅಂದರೆ 8ನೆಯ ತಿಂಗಳಲ್ಲಿಯೂ ಹೋಗುವವರಿಗೆ ಮಾತ್ರ ವಾರ್ಷಿಕ ಸದಸ್ಯತ್ವ ಲಾಭದಾಯಕ. ಈ ಒಂದು ಭಾಗಾಕಾರವನ್ನು ಪ್ರತಿಯೊಬ್ಬರೂ ತಮ್ಮ ಕೇಂದ್ರದ ದರಗಳಿಗೆ ಅನ್ವಯಿಸಿ ನೋಡಬಹುದು.

ಆದುದರಿಂದ ಮೊದಲು ಒಂದೆರಡು ದಿನಗಳ ಪ್ರಾಯೋಗಿಕ ಪ್ರವೇಶ ಕೇಳುವುದು, ಅನಂತರ ಒಂದು ಅಥವಾ ಮೂರು ತಿಂಗಳಿಗೆ ಸೇರುವುದು, ಹಾಜರಾತಿಯನ್ನು ತಾವೇ ಗುರುತು ಹಾಕಿಕೊಂಡು, ರೂಢಿಯಾದುದು ಖಚಿತವಾದ ಮೇಲೆ ವಾರ್ಷಿಕ ಸದಸ್ಯತ್ವವನ್ನು ಯೋಚಿಸುವುದು ಸೂಕ್ತ ಕ್ರಮ.

ಕೋವಿಡ್ ಸಾಂಕ್ರಾಮಿಕದ ಕಾಲವು ಈ ವಿಷಯದಲ್ಲಿ ಒಂದು ಪಾಠ. 2020ರ ಮಾರ್ಚ್‌ನಲ್ಲಿ ಮುಚ್ಚಿದ ವ್ಯಾಯಾಮ ಕೇಂದ್ರಗಳನ್ನು ತೆರೆಯಲು ಅನುಮತಿ ದೊರೆತದ್ದು ಅದೇ ವರ್ಷದ ಆಗಸ್ಟ್ 5ರಿಂದ. ಅಂತಹ ಸಂದರ್ಭಗಳಲ್ಲಿ ಮುಂಗಡ ನೀಡಿದವರ ಹಣದ ಗತಿಯೇನು ಎಂಬುದನ್ನು ಒಪ್ಪಂದದಲ್ಲಿಯೇ ಕೇಳಿ ತಿಳಿಯಬೇಕು.

ಕಂತುಗಳಲ್ಲಿ ಪಾವತಿಸುವ ಸೌಲಭ್ಯವನ್ನು ಒಪ್ಪುವ ಮುನ್ನ ಅದು ಕೇಂದ್ರಕ್ಕೇ ನೀಡುವ ಕಂತೋ ಅಥವಾ ಹಣಕಾಸು ಸಂಸ್ಥೆಯೊಂದರಿಂದ ತಮ್ಮ ಹೆಸರಿನಲ್ಲಿ ಪಡೆಯುವ ಸಾಲವೋ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಸಾಲವಾಗಿದ್ದಲ್ಲಿ ಕೇಂದ್ರವು ಮುಚ್ಚಿದರೂ ಹಣಕಾಸು ಸಂಸ್ಥೆಯು ಕಂತುಗಳನ್ನು ಕೇಳುವ ಸಂಭವವಿರುತ್ತದೆ.

ವ್ಯಾಯಾಮ ಕೇಂದ್ರಗಳ ಸೇವೆಯ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 18ರಿಂದ ಶೇ. 5ಕ್ಕೆ ಇಳಿಸಲಾಗಿದೆ. ಮೇಲಿನ ಉದಾಹರಣೆಯ ರೂ. 18,000ಕ್ಕೆ ಹಿಂದೆ ರೂ. 3,240 ತೆರಿಗೆಯಾಗುತ್ತಿದ್ದರೆ ಈಗ ರೂ. 900 ಆಗುತ್ತದೆ. ಹೇಳಿದ ದರದಲ್ಲಿ ತೆರಿಗೆ ಸೇರಿದೆಯೇ ಎಂಬುದನ್ನು ಕೇಳಿ, ರಸೀದಿಯಲ್ಲಿ ತೆರಿಗೆಯ ದರವನ್ನು ನೋಡಬೇಕು.

8. ಒಪ್ಪಂದ ಪತ್ರದಲ್ಲಿ ನೋಡಬೇಕಾದ ಅಂಶಗಳು

1) ಸದಸ್ಯತ್ವದ ಆರಂಭ ಮತ್ತು ಮುಕ್ತಾಯದ ದಿನಾಂಕ, ಲಭ್ಯವಿರುವ ವೇಳೆ.
2) ಸಾಮಾನ್ಯ ತರಬೇತಿ ಶುಲ್ಕದಲ್ಲಿ ಸೇರಿದೆಯೇ, ಪರ್ಸನಲ್ ಟ್ರೈನರ್‌ಗೆ ಪ್ರತ್ಯೇಕ ಶುಲ್ಕವೆಷ್ಟು?
3) ಕಾಯಿಲೆ ಅಥವಾ ಪ್ರವಾಸದ ಸಮಯದಲ್ಲಿ 'ಫ್ರೀಜ್' ಎಂದು ಕರೆಯುವ ತಾತ್ಕಾಲಿಕ ತಡೆ ಎಷ್ಟು ದಿನ ದೊರೆಯುತ್ತದೆ?
4) ವರ್ಗಾವಣೆಯಾದಲ್ಲಿ ಸದಸ್ಯತ್ವವನ್ನು ಬೇರೊಬ್ಬರಿಗೆ ಅಥವಾ ಬೇರೆ ಶಾಖೆಗೆ ವರ್ಗಾಯಿಸಬಹುದೇ?
5) ಕೇಂದ್ರವು ಸ್ಥಳಾಂತರಗೊಂಡಲ್ಲಿ ಅಥವಾ ಮುಚ್ಚಿದಲ್ಲಿ ಉಳಿದ ಅವಧಿಯ ಹಣವನ್ನು ಹಿಂತಿರುಗಿಸುವರೇ?
6) ಅವಧಿ ಮುಗಿದ ಮೇಲೆ ಬ್ಯಾಂಕ್ ಖಾತೆಯಿಂದ ತಾನಾಗಿಯೇ ಹಣ ಕಡಿತವಾಗುವ ಷರತ್ತು ಇದೆಯೇ?

ಬಾಯಿಮಾತಿನ ಭರವಸೆಗಳನ್ನು ಒಪ್ಪಂದದಲ್ಲಿ ಅಥವಾ ಕನಿಷ್ಠ ಮೊಬೈಲ್ ಸಂದೇಶದಲ್ಲಿ ಬರೆಸಿಕೊಳ್ಳಬೇಕು. 'ಈ ದರ ಇಂದಿಗೆ ಮಾತ್ರ' ಎಂಬ ಒತ್ತಾಯಕ್ಕೆ ಮಣಿದು ಸಹಿ ಮಾಡಬೇಕಾಗಿಲ್ಲ. ಅಂತರ್ಜಾಲ ವೇದಿಕೆಗಳಲ್ಲಿ ಇಂತಹ ಸುಳ್ಳು ತುರ್ತು ಸೃಷ್ಟಿಸುವುದನ್ನೂ, ಸದಸ್ಯತ್ವ ರದ್ದುಪಡಿಸಲು ಬೇಕೆಂದೇ ತೊಡಕು ಒಡ್ಡುವುದನ್ನೂ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ.

9. ತೊಂದರೆಯಾದಲ್ಲಿ ಪರಿಹಾರ

ಹಣ ಪಡೆದು ಸೇವೆ ಒದಗಿಸುವ ವ್ಯಾಯಾಮ ಕೇಂದ್ರಗಳು 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ವ್ಯಾಪ್ತಿಗೆ ಒಳಪಡುತ್ತವೆ. ಸೇವೆಗೆ ರಸೀದಿ ನೀಡದಿರುವುದು ಈ ಅಧಿನಿಯಮದಡಿ ಅನುಚಿತ ವ್ಯಾಪಾರ ಪದ್ಧತಿಯಾಗಿದೆ. ನ್ಯೂನತೆಯುಳ್ಳ ಸೇವೆಯ ಹಣವನ್ನು ರಸೀದಿಯಲ್ಲಿ ತಿಳಿಸಿದ ಅವಧಿಯೊಳಗೆ, ಅವಧಿ ತಿಳಿಸದಿದ್ದಲ್ಲಿ 30 ದಿನಗಳೊಳಗೆ, ಹಿಂತಿರುಗಿಸಲು ನಿರಾಕರಿಸುವುದೂ ಹಾಗೆಯೇ. ಆದುದರಿಂದ 'ಪಾವತಿಸಿದ ಹಣವನ್ನು ಯಾವುದೇ ಕಾರಣಕ್ಕೂ ಹಿಂತಿರುಗಿಸಲಾಗುವುದಿಲ್ಲ' ಎಂದು ರಸೀದಿಯಲ್ಲಿ ಮುದ್ರಿಸಿದ ಮಾತ್ರಕ್ಕೆ ಗ್ರಾಹಕರು ನಿರಾಶರಾಗಬೇಕಾಗಿಲ್ಲ. ಆದರೆ ಸೇವೆ ಸರಿಯಾಗಿದ್ದೂ ತಾವಾಗಿಯೇ ಹೋಗದೆ ಬಿಟ್ಟವರಿಗೆ ಈ ಆಧಾರ ದೊರೆಯುವುದು ಕಷ್ಟ.

ಪರಿಹಾರ ಪಡೆಯುವ ಕ್ರಮ ಹೀಗಿದೆ.

ಮೊದಲನೆಯದಾಗಿ, ಕೇಂದ್ರದ ವ್ಯವಸ್ಥಾಪಕರಿಗೆ ದಿನಾಂಕ ಸಹಿತ ಲಿಖಿತ ಮನವಿ ಸಲ್ಲಿಸಿ ಪ್ರತಿಯನ್ನು ಇಟ್ಟುಕೊಳ್ಳಬೇಕು. ಎರಡನೆಯದಾಗಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಮೂರನೆಯದಾಗಿ, ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ ರೂ. 50 ಲಕ್ಷದವರೆಗಿನ ಪ್ರಕರಣಗಳು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತವೆ, ರೂ. 5 ಲಕ್ಷದವರೆಗೆ ದೂರಿಗೆ ಶುಲ್ಕವಿಲ್ಲ. ದೂರುದಾರರು ತಾವು ವಾಸಿಸುವ ಅಥವಾ ಉದ್ಯೋಗ ಮಾಡುವ ಸ್ಥಳದ ಆಯೋಗದಲ್ಲಿಯೇ ದೂರು ನೀಡಬಹುದು. ಬೇರೆ ಜಿಲ್ಲೆಗೆ ತೆರಳಿದ ಉದ್ಯೋಗಿಗಳಿಗೆ ಇದು ಅನುಕೂಲ. ವಕೀಲರನ್ನು ನೇಮಿಸಲೇಬೇಕೆಂಬ ನಿಯಮವಿಲ್ಲ. ದೂರನ್ನು ಕಾರಣ ಉದ್ಭವಿಸಿದ 2 ವರ್ಷಗಳೊಳಗೆ ಸಲ್ಲಿಸಬೇಕು. 2025ರ ಜನವರಿಯಲ್ಲಿ ಆರಂಭವಾದ 'ಇ-ಜಾಗೃತಿ' ಜಾಲತಾಣದ ಮೂಲಕವೂ ಸಲ್ಲಿಸಲು ಅವಕಾಶವಿದೆ.

ರಸೀದಿ, ಒಪ್ಪಂದ ಪತ್ರ, ಜಾಹೀರಾತಿನ ಪ್ರತಿ, ಸಂದೇಶಗಳು ಮತ್ತು ಪಾವತಿಯ ಬ್ಯಾಂಕ್ ವಿವರಗಳು ಇಲ್ಲಿ ಸಾಕ್ಷ್ಯವಾಗುತ್ತವೆ. ನಗದು ನೀಡಿ ರಸೀದಿ ಪಡೆಯದವರಿಗೆ ತಮ್ಮ ಪಾವತಿಯನ್ನು ಸಾಬೀತುಪಡಿಸುವುದೇ ಮೊದಲ ತೊಡಕಾಗುತ್ತದೆ.

10. ಸಾರಾಂಶ

ಅಗತ್ಯವನ್ನು ಬರೆದುಕೊಂಡು, ಆರೋಗ್ಯವನ್ನು ತಪಾಸಿಸಿಕೊಂಡು, ತಾವು ಹೋಗಲಿರುವ ವೇಳೆಯಲ್ಲಿಯೇ ಎರಡು ಮೂರು ಕೇಂದ್ರಗಳನ್ನು ಕಂಡು, ಅಲ್ಪಾವಧಿಗೆ ಮಾತ್ರ ಹಣ ಪಾವತಿಸಿ, ರಸೀದಿ ಪಡೆದು ಆರಂಭಿಸುವವರಿಗೆ ನಷ್ಟದ ಸಂಭವ ಕಡಿಮೆ. ವ್ಯಾಯಾಮದ ಫಲವು ವರ್ಷಾನುಗಟ್ಟಲೆ ಬಿಡದೆ ಮಾಡುವುದರಿಂದ ದೊರೆಯುವಂತಹುದು. ಆದುದರಿಂದ ಮೂರು ತಿಂಗಳ ನಂತರವೂ ಮನಸ್ಸು ಬೇಸರಿಸದೆ ಹೋಗಬಲ್ಲ ಕೇಂದ್ರವೇ ಆಯಾ ವ್ಯಕ್ತಿಗೆ ಸರಿಯಾದ ಕೇಂದ್ರ. ಅದು ಲಿಫ್ಟ್ ಇರುವ ದೊಡ್ಡ ಜಿಮ್ ಆಗಿರಬಹುದು, ಅಡ್ಡರಸ್ತೆಯ ಚಿಕ್ಕ ವ್ಯಾಯಾಮ ಶಾಲೆಯಾಗಿರಬಹುದು ಅಥವಾ ಬಡಾವಣೆಯ ಉದ್ಯಾನವೇ ಆಗಿರಬಹುದು. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗವನ್ನು ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.